ಹಾಡಿಗೆಷ್ಟು ಅಂಕ?

ತೀರ್ಪು ಹೇಳುವ ಕೆಲಸ ಯಾವ ಕಾಲದಲ್ಲಿಯೂ ಸುಲಭವಾಗಿರಲಿಲ್ಲ. ಆದರೂ ನ್ಯಾಯಾಧೀಶನಿಗೆ ಕಾನೂನಿನ ಗ್ರಂಥಗಳಿವೆ, ಸಾಕ್ಷಿಗಳಿದ್ದಾರೆ, ಮನಸ್ಸಿನಲ್ಲಿ ತೂಗಿ ನೋಡಲು ವಾಯಿದೆಯಿದೆ. ಓಟದ ಪಂದ್ಯದವನಿಗೆ ಗಡಿಯಾರವಿದೆ. ಕುಸ್ತಿಯ ಅಖಾಡದಲ್ಲಿ ಯಾರ ಬೆನ್ನು ಮಣ್ಣಿಗೆ ತಾಕಿತೆಂಬುದನ್ನು ಇಡೀ ಊರೇ ಕಂಡಿರುತ್ತದೆ. ಇವರಾರಿಗೂ ಇಲ್ಲದ ಸಂಕಟವೊಂದು ಶಾಲೆಯ ಮಕ್ಕಳ ಹಾಡಿಗೆ ಅಂಕ ಕೊಡಲು ಕುಳಿತವನಿಗಿದೆ. ಹಾಡು ಮುಗಿಯುತ್ತಿದ್ದಂತೆಯೇ ಗಾಳಿಯಲ್ಲಿ ಕರಗಿಹೋಗುತ್ತದೆ. ಇನ್ನೊಮ್ಮೆ ನೋಡೋಣವೆಂದರೆ ನೋಡಲು ಏನೂ ಉಳಿದಿರುವುದಿಲ್ಲ. ಮುಂದೆ ಒಂದು ಹಾಳೆ, ಕೈಯಲ್ಲೊಂದು ಪೆನ್ಸಿಲು, ಆಗಲೇ ಮೈಕಿನ ಮುಂದೆ ಬಂದು ಕೈಕಟ್ಟಿ ನಿಂತಿರುವ ಮತ್ತೊಂದು ಮಗು. ಬರೆಯಬೇಕಾದದ್ದು ಒಂದು ಸಂಖ್ಯೆ. ಆ ಸಂಖ್ಯೆ ಎಲ್ಲಿಂದ ಬರಬೇಕು?

ಈ ಪ್ರಶ್ನೆ ದೊಡ್ಡ ಊರಿನ ಸಂಗೀತ ಸಭೆಗಳಲ್ಲಿ ಏಳುವುದಕ್ಕಿಂತ ಹೆಚ್ಚು ತೀಕ್ಷ್ಣವಾಗಿ ಏಳುವುದು ಕೊಪ್ಪದಂಥ ಊರುಗಳಲ್ಲಿ. ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಹುಣಸೂರು, ಪಿರಿಯಾಪಟ್ಟಣಗಳನ್ನು ದಾಟಿ, ಬೈಲಕುಪ್ಪೆಯನ್ನು ಹಿಂದೆ ಹಾಕಿದರೆ ಕೊಪ್ಪ ಸಿಕ್ಕುತ್ತದೆ. ಕಾವೇರಿಯ ಸೇತುವೆಯ ಈಚೆ ದಡ ಮೈಸೂರು ಜಿಲ್ಲೆ. ಆಚೆ ಕುಶಾಲನಗರ, ಅಲ್ಲಿಂದ ಕೊಡಗು. ಸುತ್ತಮುತ್ತ ಹೊಗೆಸೊಪ್ಪು ಬೆಳೆಯುವ ಹೊಲಗಳು. ಪಕ್ಕದಲ್ಲಿ 1961ರಲ್ಲಿ ನೆಲೆಗೊಂಡ ಟಿಬೆಟನ್ನರ ಬೀಡು. ಕಾಡಂಚಿನ ಕಡೆಗೆ ಹೋದರೆ ಜೇನುಕುರುಬರ ಹಾಡಿಗಳು. ಇಂಥ ಸೀಮೆಯ ಶಾಲೆಗಳಿಗೆ ವರ್ಷಕ್ಕೊಮ್ಮೆ ‘ಪ್ರತಿಭಾ ಕಾರಂಜಿ’ ಬರುತ್ತದೆ. ಈ ಶತಮಾನದ ಆರಂಭದ ವರ್ಷಗಳಲ್ಲಿ ರಾಜ್ಯದ ಶಿಕ್ಷಣ ಇಲಾಖೆ ಹುಟ್ಟುಹಾಕಿದ ಈ ಸ್ಪರ್ಧೆಯಲ್ಲಿ ಕಂಠಪಾಠವುಂಟು, ಆಶುಭಾಷಣವುಂಟು, ಛದ್ಮವೇಷವುಂಟು; ಭಕ್ತಿಗೀತೆ, ಭಾವಗೀತೆ, ಜನಪದ ಗೀತೆ, ಕವ್ವಾಲಿ ಎಲ್ಲವೂ ಉಂಟು. ಶಾಲೆಯಲ್ಲಿ ಗೆದ್ದ ಮಗು ಕ್ಲಸ್ಟರಿಗೆ, ಅಲ್ಲಿ ಗೆದ್ದದ್ದು ತಾಲ್ಲೂಕಿಗೆ, ಆಮೇಲೆ ಜಿಲ್ಲೆಗೆ, ಕೊನೆಗೆ ರಾಜ್ಯಕ್ಕೆ. ಮೆಟ್ಟಿಲು ಹತ್ತುವುದು ಮೊದಲ ಸ್ಥಾನದವರು. ಎರಡನೆಯವರಿಗೆ ಪ್ರಶಸ್ತಿಪತ್ರ ಮತ್ತು ಮನೆಯ ದಾರಿ.

ಆದ್ದರಿಂದ ಕ್ಲಸ್ಟರಿನ ಆ ಒಂದು ಸಂಖ್ಯೆಗೆ ದೊಡ್ಡ ಬೆಲೆಯಿದೆ. ಪಟ್ಟಣದ ಮಗುವಿಗೆ ಈ ವೇದಿಕೆ ತಪ್ಪಿದರೆ ಇನ್ನೊಂದು ವೇದಿಕೆ ಇದ್ದೀತು. ಸಂಗೀತದ ಪಾಠ ಹೇಳುವವರು ಬೀದಿಗೊಬ್ಬರು ಇದ್ದಾರು. ಕೊಪ್ಪದ ಆಚೀಚಿನ ಹಳ್ಳಿಯ ಮಗುವಿಗೆ ತನ್ನ ಗಂಟಲಿನ ವಿಷಯದಲ್ಲಿ ಹೊರಗಿನವರು ಹೇಳುವ ಮೊದಲ ಮಾತು ಇದೇ, ಎಷ್ಟೋ ವೇಳೆ ಕೊನೆಯ ಮಾತೂ ಇದೇ. ‘ನಿನಗೆ ಹಾಡು ಬರುವುದಿಲ್ಲ’ ಎಂದು ಆ ಮಗು ತಿಳಿದುಕೊಂಡರೆ, ಹಾಗೆ ತಿಳಿಯುವಂತೆ ಮಾಡಿದವರು ಅದನ್ನು ಮರೆತು ಬಹಳ ಕಾಲವಾದ ಮೇಲೂ ಆ ಮಾತು ಮಗುವಿನಲ್ಲಿ ಉಳಿದಿರುತ್ತದೆ.

ಇಂಥ ಕುರ್ಚಿಯ ಮೇಲೆ ಹಲವು ವರ್ಷ ಕುಳಿತ ನಿವೃತ್ತ ಮೇಷ್ಟ್ರೊಬ್ಬರನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಲಿ. ಅವರ ಹೆಸರು ಬೇಡ. ಅಂಥವರು ಊರಿಗೊಬ್ಬರು ಸಿಕ್ಕುತ್ತಾರೆ. ಬಿಳಿಯ ಪಂಚೆ, ಜೇಬಿನಲ್ಲಿ ಕನ್ನಡಕದ ಗೂಡು, ಸ್ವಲ್ಪ ಹಾರ್ಮೋನಿಯಂ, ಸ್ವಲ್ಪ ಭಜನೆ, ಮಕ್ಕಳನ್ನು ಕಂಡರೆ ಬಹಳ ಪ್ರೀತಿ. ಅವರ ಎಡಕ್ಕೊಬ್ಬರು, ಬಲಕ್ಕೊಬ್ಬರು ತೀರ್ಪುಗಾರರು. ಮೂವರೂ ಪ್ರಾಮಾಣಿಕರು, ಯಾರ ಮಗುವೂ ಯಾರಿಗೂ ನೆಂಟನಲ್ಲ. ಹಾಗಿದ್ದೂ ಏನಾಗುತ್ತದೆಂಬುದನ್ನು ನೋಡಬೇಕು.

ಐವತ್ತಕ್ಕೆ ಅಂಕ. ಮೊದಲ ಹುಡುಗಿಗೆ ಎಡಗಡೆಯವರು 41, ಮೇಷ್ಟ್ರು 42 ಕೊಡುತ್ತಾರೆ. ಎರಡನೆಯವಳಿಗೆ ಅವರು 39, ಇವರು 40. ಇಬ್ಬರ ದೃಷ್ಟಿಯಲ್ಲಿಯೂ ಮೊದಲನೆಯವಳೇ ಮೇಲು. ಆದರೆ ಬಲಗಡೆಯವರು ಉದಾರವಾಗಿ ಏರುವವರು, ನಿರ್ದಯವಾಗಿ ಇಳಿಯುವವರು: ಮೊದಲನೆಯವಳಿಗೆ 30, ಎರಡನೆಯವಳಿಗೆ 46. ಕೂಡಿದರೆ ಮೊದಲನೆಯವಳಿಗೆ 113, ಎರಡನೆಯವಳಿಗೆ 125. ಮೂವರಲ್ಲಿ ಇಬ್ಬರು ಆರಿಸಿದವಳು ಸೋತಳು! ಮೋಸ ನಡೆದಿಲ್ಲ, ಕೂಡಿದ ಲೆಕ್ಕವೂ ತಪ್ಪಿಲ್ಲ. 38ರಿಂದ 42ರ ನಡುವೆ ಸುಳಿದಾಡುವವನ ಮಾತಿಗಿಂತ 30ರಿಂದ 46ಕ್ಕೆ ಹಾರುವವನ ಮಾತಿಗೆ ತೂಕ ಹೆಚ್ಚು. ಮೂರು ಕುರ್ಚಿಗಳೆಂದು ಕಾಣುವ ಜಾಗದಲ್ಲಿ ನಿಜವಾಗಿ ತೀರ್ಪು ಕೊಟ್ಟದ್ದು ಒಂದೇ ಕುರ್ಚಿ. ಇದನ್ನು ಆ ಹುಡುಗಿಯ ತಾಯಿಗೆ ಹೇಗೆ ವಿವರಿಸುವುದು?

ಮೇಷ್ಟ್ರ ಮನೆಯಾಕೆ ಈ ಕಥೆಯನ್ನು ಕೇಳಿ ಅಡಿಗೆಮನೆಯಿಂದಲೇ ಒಂದು ಮಾತು ಹೇಳಿದರೆಂದು ಭಾವಿಸಬಹುದು. “ನೀವು ಮೂವತ್ತು ವರ್ಷದಿಂದ ಸಾರಿಗೆ ಉಪ್ಪು ಹೆಚ್ಚಾಯಿತು ಎನ್ನುತ್ತೀರಿ. ಎಷ್ಟು ಹೆಚ್ಚು ಎಂದು ಒಂದು ದಿನವೂ ಹೇಳಲಿಲ್ಲ. ಹೇಳಿದ್ದರೆ ಮಾರನೆಯ ದಿನ ಅಷ್ಟು ಕಡಮೆ ಮಾಡುತ್ತಿದ್ದೆ.” ಮಾತು ತಮಾಷೆಯದು, ಆದರೆ ವಿಷಯದ ತಿರುಳು ಅದರಲ್ಲಿದೆ. ರುಚಿಯನ್ನು ಅಳೆಯಲಾಗದು ಎಂಬುದು ನಿಜ. ಆದರೆ ಎಲ್ಲಿ, ಯಾವುದು, ಎಷ್ಟು ಎಂದು ಹೇಳಲಾಗದ ರುಚಿ ಇನ್ನೊಬ್ಬರಿಗೆ ಪ್ರಯೋಜನಕ್ಕೆ ಬಾರದು ಎಂಬುದೂ ನಿಜವೇ.

ಈ ಸೀಮೆಯ ರೈತರಿಗೆ ಇಂಥ ದರ್ಜೆಯ ವಿಚಾರ ಹೊಸದಲ್ಲ. ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು 1984ರಲ್ಲಿ ಆರಂಭವಾಯಿತು. ಬೇಯಿಸಿ ಒಣಗಿಸಿದ ಹೊಗೆಸೊಪ್ಪನ್ನು ಬೇಲು ಕಟ್ಟಿ ಹರಾಜುಕಟ್ಟೆಗೆ ತಂದ ರೈತನು, ದರ್ಜೆ ಹೇಳುವವನ ಮುಖವನ್ನೇ ನೋಡುತ್ತ ನಿಲ್ಲುತ್ತಾನೆ. ಎಲೆ ಗಿಡದ ಯಾವ ಮಟ್ಟದ್ದು, ಬಣ್ಣ ಹೊಂಬಣ್ಣವೋ ಕಂದೋ, ಕಲೆ ಎಷ್ಟು ಎಂಬುದನ್ನು ನೋಡಿ ಉತ್ತಮ, ಮಧ್ಯಮ, ಕೆಳದರ್ಜೆ ಎಂದು ನಿರ್ಣಯವಾಗುತ್ತದೆ. ದರ ಕಡಮೆಯಾದರೆ ರೈತನು ಜಗಳವಾಡಿಯಾನು. ಆದರೆ ಏನನ್ನು ಹಿಡಿದು ಜಗಳವಾಡಬೇಕೆಂಬುದು ಅವನಿಗೆ ಗೊತ್ತಿದೆ. “ಕಲೆ ಎಲ್ಲಿದೆ, ತೋರಿಸಿ” ಎಂದು ಅವನು ಕೇಳಬಹುದು. ಅದೇ ರೈತನ ಮಗಳು ಹಾಡಿ ಸೋತಾಗ ಕೇಳಲು ಅಂಥ ಒಂದು ಪ್ರಶ್ನೆಯೂ ಉಳಿದಿರುವುದಿಲ್ಲ. ಹೊಗೆಸೊಪ್ಪಿಗೆ ಇರುವ ಮರ್ಯಾದೆ ಹಾಡಿಗೂ ಇರಬಾರದೆ?

ಹಾಡಿಗೂ ಆ ಮರ್ಯಾದೆ ಸಲ್ಲಬೇಕೆಂಬ ಯೋಚನೆಯಿಂದಲೇ ವಿವರವಾದ ಅಂಕಪಟ್ಟಿ ಹುಟ್ಟಿತು. ಶಿಕ್ಷಣಶಾಸ್ತ್ರದವರು ಇದನ್ನು ‘ರೂಬ್ರಿಕ್’ ಎನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಆ ಪದದ ಮೂಲ ಕೆಮ್ಮಣ್ಣು. ಹಳೆಯ ಹಸ್ತಪ್ರತಿಗಳಲ್ಲಿ ಶೀರ್ಷಿಕೆಗಳನ್ನೂ ವಿಧಿಗಳನ್ನೂ ಕೆಂಪು ಶಾಯಿಯಿಂದ ಬರೆಯುತ್ತಿದ್ದುದರಿಂದ ‘ಪಾಲಿಸಬೇಕಾದ ನಿಯಮ’ ಎಂಬ ಅರ್ಥ ಅದಕ್ಕೆ ಬಂತು. ಶ್ರುತಿಗೆ 10, ತಾಳಕ್ಕೆ 10, ಸಾಹಿತ್ಯದ ಸ್ಪಷ್ಟತೆಗೆ 10, ಭಾವಕ್ಕೆ 10, ಒಟ್ಟು ಪರಿಣಾಮಕ್ಕೆ 10 ಎಂದು ಐದು ಮನೆ ಗೀಚಿದರೆ ರೂಬ್ರಿಕ್ ಆಯಿತೆಂದು ಹಲವರು ತಿಳಿಯುತ್ತಾರೆ. ಅದು ಸಾಲದು. ಶ್ರುತಿಗೆ 7 ಎಂದರೆ ಏನು? ಒಬ್ಬರ 7 ಇನ್ನೊಬ್ಬರ 9 ಆಗಬಹುದು. ಮನೆಗಳು ಐದಾದರೆ ಜಗಳವೂ ಐದಾದೀತು. ಪ್ರತಿಯೊಂದು ಅಂಕದ ಎದುರು ಕಿವಿಗೆ ಕೇಳಿಸುವ ಸಂಗತಿಯನ್ನೇ ಮಾತಿನಲ್ಲಿ ಬರೆದಿಡಬೇಕು. ಹಿಡಿದ ಶ್ರುತಿಯನ್ನು ಮೊದಲಿನಿಂದ ಕೊನೆಯವರೆಗೆ ಬಿಡದಿದ್ದರೆ 9 ಅಥವಾ 10. ಒಂದೆರಡು ಕಡೆ ಜಾರಿ ತಾನೇ ಸರಿಪಡಿಸಿಕೊಂಡರೆ 7 ಅಥವಾ 8. ಪಲ್ಲವಿಯಲ್ಲಿ ಸರಿಯಾಗಿದ್ದು, ಮೇಲಿನ ಸ್ವರ ಬಂದಾಗಲೆಲ್ಲ ಜಾರಿದರೆ 5 ಅಥವಾ 6. ಶ್ರುತಿ ನೆಲೆಯನ್ನೇ ಕಾಣದಿದ್ದರೆ ಅದಕ್ಕಿಂತ ಕೆಳಗೆ. ಹೀಗೆ ಬರೆದಿಟ್ಟಾಗ ತೀರ್ಪುಗಾರನು ‘ಎಷ್ಟು ಚೆನ್ನಾಗಿತ್ತು’ ಎಂಬ ಸಮುದ್ರದಲ್ಲಿ ಮುಳುಗದೆ, ‘ಜಾರಿದ್ದು ಎಲ್ಲಿ, ಮರಳಿದಳೆ ಇಲ್ಲವೆ’ ಎಂಬ ಸಣ್ಣ ಪ್ರಶ್ನೆಗೆ ಉತ್ತರ ಕೊಟ್ಟರೆ ಸಾಕು. 30ರಿಂದ 46ಕ್ಕೆ ಹಾರುವವರ ಕಾಲಿಗೂ ಆಗ ಒಂದು ಕಡಿವಾಣ ಬೀಳುತ್ತದೆ.

ಇದು ಪಶ್ಚಿಮದವರ ಹೊಸ ಗೀಳು ಎಂದು ಮೂಗುಮುರಿಯುವ ಅಗತ್ಯವಿಲ್ಲ. ಭರತನ ನಾಟ್ಯಶಾಸ್ತ್ರದ 27ನೆಯ ಅಧ್ಯಾಯದಲ್ಲಿ ಪ್ರಯೋಗವನ್ನು ಪರೀಕ್ಷಿಸುವ ‘ಪ್ರಾಶ್ನಿಕ’ರ ಮಾತು ಬರುತ್ತದೆ. ಛಂದಸ್ಸು ಬಲ್ಲವನು, ವ್ಯಾಕರಣ ಬಲ್ಲವನು, ಚಿತ್ರಕಾರ, ಬಿಲ್ಲುಗಾರ, ನರ್ತಕ, ಗಾಯಕ ಹೀಗೆ ಹತ್ತು ಬಗೆಯವರು. ಪ್ರತಿಯೊಬ್ಬನೂ ತಾನು ಬಲ್ಲದ್ದನ್ನಷ್ಟೇ ನೋಡಬೇಕು. ಗುಣದೋಷಗಳನ್ನು ಬರೆದುಕೊಳ್ಳುವ ಲೇಖಕನೂ ಎಣಿಸುವ ಗಣಕನೂ ಜೊತೆಗಿರುತ್ತಾರೆ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವ ದೊರೆ ಸಿಂಘಣನ ಆಸ್ಥಾನದಲ್ಲಿದ್ದ ಶಾರ್ಙ್ಗದೇವನು ತನ್ನ ಸಂಗೀತರತ್ನಾಕರದಲ್ಲಿ ಗಾಯಕನ ದೋಷಗಳನ್ನು ಇಪ್ಪತ್ತೈದೆಂದು ಪಟ್ಟಿ ಮಾಡಿದ್ದಾನೆ. ಹಲ್ಲು ಕಚ್ಚಿ ಹಾಡುವವನು ಸಂದಷ್ಟ, ಅರಚುವವನು ಉದ್ಘುಷ್ಟ, ಹೆದರಿ ಹಾಡುವವನು ಭೀತ, ಕಾಗೆಯ ದನಿಯವನು ಕಾಕೀ, ತಾಳ ತಪ್ಪಿದವನು ವಿತಾಲ, ಒಂಟೆಯಂತೆ ಕತ್ತು ಚಾಚುವವನು ಕರಭ, ಕಣ್ಣು ಮುಚ್ಚಿ ಹಾಡುವವನು ನಿಮೀಲಕ, ಮೂಗಿನಲ್ಲಿ ಹಾಡುವವನು ಸಾನುನಾಸಿಕ. ಕಣ್ಣು ಮುಚ್ಚಿದರೆ ಭಕ್ತಿಯೆಂದು ಎರಡು ಅಂಕ ಹೆಚ್ಚು ಕೊಡುವ ಇಂದಿನ ತೀರ್ಪುಗಾರರು ಶಾರ್ಙ್ಗದೇವನ ಕೈಗೆ ಸಿಕ್ಕಿಕೊಂಡರೆ ಏನಾಗುತ್ತಿತ್ತೋ! ಅವನ ಪಟ್ಟಿಯ ಸೊಗಸು ಇರುವುದು ‘ಚೆನ್ನಾಗಿಲ್ಲ’ ಎಂಬ ಒಂದೇ ಮಾತನ್ನು ಇಪ್ಪತ್ತೈದಾಗಿ ಒಡೆದು, ಪ್ರತಿಯೊಂದು ಚೂರನ್ನೂ ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಲಕ್ಷಣವಾಗಿ ಮಾಡಿದ್ದರಲ್ಲಿ.

ಹಾಗಾದರೆ ಅಂಕಗಳಲ್ಲಿ ಅದೃಷ್ಟದ ಪಾಲು ಅಷ್ಟೊಂದಿದೆಯೆ? ಅದನ್ನು ಅಳೆದು ನೋಡಿದವರಿದ್ದಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಎಜ್‌ವರ್ತ್ ಎಂಬ ಆಂಗ್ಲ ವಿದ್ವಾಂಸರು, ಒಂದೇ ಒಂದು ಲ್ಯಾಟಿನ್ ಗದ್ಯಕ್ಕೆ ನುರಿತ 28 ಪರೀಕ್ಷಕರು ಕೊಟ್ಟ ಅಂಕಗಳನ್ನು ಪ್ರಕಟಿಸಿದರು. ನೂರಕ್ಕೆ 45ರಿಂದ ಹಿಡಿದು ಪೂರ್ತಿ 100ರವರೆಗೂ ಅವು ಹರಡಿಕೊಂಡಿದ್ದುವು. ಅದು ಕಾಗದದ ಮೇಲೆ ಉಳಿಯುವ ಬರವಣಿಗೆ. ಮತ್ತೆ ಮತ್ತೆ ಓದಬಹುದಾದದ್ದು. ಹಾಡಿನ ಗತಿಯನ್ನು ಕೇಳಬೇಕೆ? ಬ್ರಸೆಲ್ಸಿನಲ್ಲಿ ನಡೆಯುವ ಎಲಿಸಬೆತ್ ರಾಣಿಯ ಸಂಗೀತ ಸ್ಪರ್ಧೆ ಜಗತ್ತಿನ ಹೆಸರಾಂತ ಸ್ಪರ್ಧೆಗಳಲ್ಲೊಂದು. ಅಲ್ಲಿ ನುಡಿಸುವ ಸರದಿಯನ್ನು ಚೀಟಿ ಎತ್ತಿ ನಿರ್ಣಯಿಸುತ್ತಾರೆ. 1996ರಲ್ಲಿ ಪ್ರಕಟವಾದ ಒಂದು ಅಧ್ಯಯನ ಆ ಸ್ಪರ್ಧೆಯ ಫಲಿತಾಂಶಗಳನ್ನು ಪರಿಶೀಲಿಸಿ, ಮೊದಲ ದಿನ ನುಡಿಸಿದವರು ಹಿಂದೆ ಬೀಳುವುದೂ ಕೊನೆಯ ದಿನಗಳಲ್ಲಿ ನುಡಿಸಿದವರು ಮುಂದೆ ಬರುವುದೂ ಕಾಕತಾಳೀಯವಲ್ಲವೆಂದು ತೋರಿಸಿತು. 2003ರ ಮುಂದಿನ ಅಧ್ಯಯನದಲ್ಲಿ ತಿಳಿದದ್ದು ಇನ್ನೂ ಕಳವಳದ ಸಂಗತಿ: ಹೀಗೆ ಸರದಿಯ ದೆಸೆಯಿಂದ ದೊರೆತ ಸ್ಥಾನವೂ ಆ ಕಲಾವಿದರ ಮುಂದಿನ ಬಾಳಿನ ಯಶಸ್ಸನ್ನು ಎತ್ತಿತು ಇಲ್ಲವೆ ತಗ್ಗಿಸಿತು. 2013ರಲ್ಲಿ ಚಿಯಾ-ಜುಂಗ್ ಸೈ ಎಂಬ ಸಂಶೋಧಕಿ ಮತ್ತೊಂದು ಪ್ರಯೋಗವನ್ನು ಪ್ರಕಟಿಸಿದರು. ಸ್ಪರ್ಧೆಯ ಕೊನೆಯ ಸುತ್ತಿನ ಮೂವರಲ್ಲಿ ಗೆದ್ದವರಾರೆಂದು ಊಹಿಸಲು ಹೇಳಿದಾಗ, ಬರಿಯ ಸಂಗೀತ ಕೇಳಿದವರಿಗಿಂತ ಸದ್ದಿಲ್ಲದ ಚಿತ್ರ ಮಾತ್ರ ನೋಡಿದವರು ಹೆಚ್ಚು ಸರಿಯಾಗಿ ಊಹಿಸಿದರು. ವೃತ್ತಿಯ ಸಂಗೀತಗಾರರೂ ಇದಕ್ಕೆ ಹೊರತಾಗಲಿಲ್ಲ. ಕಿವಿಯಿಂದ ತೀರ್ಪು ಕೊಡುತ್ತೇವೆಂದು ನಂಬಿದವರು ಕಣ್ಣಿನಿಂದ ಕೊಡುತ್ತಿದ್ದರು!

ಬ್ರಸೆಲ್ಸಿಗೆ ಒಪ್ಪುವ ಮಾತು ಕೊಪ್ಪಕ್ಕೂ ಒಪ್ಪುತ್ತದೆ. ಬೆಳಿಗ್ಗೆ ಮೊದಲು ಹಾಡುವ ಮಗುವಿಗೆ ‘ಇನ್ನೂ ಎಷ್ಟೋ ಮಂದಿ ಇದ್ದಾರೆ, ಮುಂದೆ ಒಳ್ಳೆಯವರು ಬಂದರೆ?’ ಎಂದು ಕೈಬಿಗಿ ಮಾಡಿ 35 ಹಾಕುವುದು ತೀರ್ಪುಗಾರರೆಲ್ಲರ ಅಭ್ಯಾಸ. ಜರಿಯ ಲಂಗ ಉಟ್ಟು, ಮಲ್ಲಿಗೆ ಮುಡಿದು ಬಂದ ಮಗುವಿನ ಹಾಡು, ಮಾಸಿದ ಸಮವಸ್ತ್ರದ ಮಗುವಿನ ಹಾಡಿಗಿಂತ ಇಂಪಾಗಿ ಕೇಳಿಸುವುದೂ ಮನುಷ್ಯ ಸಹಜವೇ. ಬರೆದಿಟ್ಟ ಲಕ್ಷಣಗಳು ಈ ಸಹಜತೆಯ ಮುಂದೆ ಒಂದು ಅಡ್ಡಗೋಡೆ. ಗೋಡೆ ಎತ್ತರವಲ್ಲ, ಆದರೆ ದಾಟಬೇಕಾದರೆ ಕಾಲೆತ್ತಬೇಕು, ಕಾಲೆತ್ತಿದ್ದು ತನಗೇ ತಿಳಿಯುತ್ತದೆ.

ನೆರೆಯ ಕೇರಳದಲ್ಲಿ ಈ ತಳಮಳ ಇನ್ನೂ ದೊಡ್ಡದು. ಅಲ್ಲಿನ ಶಾಲಾ ಕಲೋತ್ಸವ 1957ರಲ್ಲಿ ಎರ್ನಾಕುಳದಲ್ಲಿ ಮೊದಲಾಯಿತು. 2019ರಲ್ಲಿ ಅದು ಕಾಸರಗೋಡು ಜಿಲ್ಲೆಯ ಕಾಞಂಗಾಡಿನಲ್ಲಿ ನಡೆದಾಗ ಗಡಿಯ ಕನ್ನಡದ ಮನೆಗಳಿಗೂ ಅದು ಮನೆಯಂಗಳದ ಹಬ್ಬವಾಯಿತು. ಆದರೆ ಸೋತವರು ಮೇಲ್ಮನವಿ ಸಲ್ಲಿಸುವುದು, ಅದು ನ್ಯಾಯಾಲಯದ ಬಾಗಿಲವರೆಗೂ ಹೋಗುವುದು ಅಲ್ಲಿ ವಾಡಿಕೆಯಾಗಿಬಿಟ್ಟಿತು. 2018ರ ಕಲೋತ್ಸವದ ಹೊತ್ತಿಗೆ ನಿಯಮಗಳನ್ನು ತಿದ್ದಿ, ಒಂದು, ಎರಡು, ಮೂರು ಎಂಬ ಸ್ಥಾನಗಳನ್ನೇ ಕೈಬಿಟ್ಟು, ನೂರಕ್ಕೆ 80ರ ಮೇಲೆ ಪಡೆದವರಿಗೆಲ್ಲ ‘ಎ’ ದರ್ಜೆ ಕೊಡುವ ಕ್ರಮ ಬಂತು. ಇದರಲ್ಲಿ ವಿವೇಕವಿದೆ. 43ಕ್ಕೂ 43½ಕ್ಕೂ ಇರುವ ಅಂತರವನ್ನು ಯಾವ ಕಿವಿಯೂ ನಂಬಿಕೆಯಿಂದ ಹೇಳಲಾರದು. ಹೇಳಲಾಗದ ಅಂತರವನ್ನು ಹೇಳಿದಂತೆ ನಟಿಸುವುದಕ್ಕಿಂತ ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಮೇಲು. ಆದರೆ ಮೇಲಿನ ಮೆಟ್ಟಿಲಿಗೆ ಒಬ್ಬರನ್ನೇ ಕಳುಹಿಸಬೇಕಾದಲ್ಲಿ ಆ ಉಪಾಯ ಸಾಲದು; ಅಲ್ಲಿ ಮತ್ತೆ ಪಟ್ಟಿಯ ಮೊರೆಹೋಗಬೇಕು.

ಇಷ್ಟು ಹೇಳಿದ ಮೇಲೆ ಪಟ್ಟಿಯ ಅಪಾಯವನ್ನೂ ಹೇಳಬೇಕಲ್ಲವೆ? ಮೂವರು ತೀರ್ಪುಗಾರರೂ ಒಂದೇ ಅಂಕ ಕೊಟ್ಟರೆ ತೀರ್ಪು ವಿಶ್ವಾಸಾರ್ಹವಾಯಿತು, ನ್ಯಾಯವಾಯಿತೆಂದು ಅರ್ಥವಲ್ಲ. ಮೂವರೂ ಒಟ್ಟಿಗೆ ಒಂದೇ ತಪ್ಪು ಮಾಡಬಹುದು. ಜನಪದ ಗೀತೆಯ ಸ್ಪರ್ಧೆಯಲ್ಲಿ ಇದು ಎದ್ದು ಕಾಣುತ್ತದೆ. ಹಾಡಿಯಿಂದ ಬಂದ ಹುಡುಗಿಯೊಬ್ಬಳು ಅಜ್ಜಿಯಿಂದ ಕಲಿತ ಪದ ಹೇಳುತ್ತಾಳೆ. ಶ್ರುತಿಪೆಟ್ಟಿಗೆಯನ್ನು ಅವಳು ಕಂಡವಳಲ್ಲ; ತನ್ನ ಗಂಟಲಿಗೆ ಹಿತವಾದ ಮನೆಯೊಂದನ್ನು ತಾನೇ ಹಿಡಿದು ಕೊನೆಯವರೆಗೆ ಅಲ್ಲಿಯೇ ನಿಲ್ಲುತ್ತಾಳೆ. ಪಟ್ಟಿಯಲ್ಲಿ ‘ಹಾರ್ಮೋನಿಯಮ್ಮಿನ ಶ್ರುತಿಗೆ ಹೊಂದಿಕೆ’ ಎಂದಿದ್ದರೆ ಅವಳಿಗೆ ಸೊನ್ನೆ. ‘ಹಿಡಿದ ಶ್ರುತಿಯಲ್ಲಿ ನಿಲ್ಲುವಿಕೆ’ ಎಂದಿದ್ದರೆ ಅವಳಿಗೆ ಪೂರ್ತಿ ಅಂಕ. ಇನ್ನು ಉಚ್ಚಾರಣೆ. ಹಳೆಯ ಮೈಸೂರಿನ ಹಳ್ಳಿಗಳ ಬಾಯಲ್ಲಿ ಹಾಲು ‘ಆಲು’ ಆಗುತ್ತದೆ, ಹೂವು ‘ಊವು’ ಆಗುತ್ತದೆ. ರಾಗಿ ಬೀಸುವ ಪದವನ್ನಾಗಲಿ ಸೋಬಾನೆಯನ್ನಾಗಲಿ ಹುಟ್ಟಿಸಿದ್ದು ಆ ಬಾಯೇ. ಅಂಥ ಪದ ಹಾಡುವ ಮಗುವಿಗೆ ‘ಹಕಾರ ಸ್ಪಷ್ಟವಿಲ್ಲ’ ಎಂದು ಮೂರು ಅಂಕ ಕಡಿಯುವವರು, ಪಟ್ಟಿಯನ್ನು ಚಾಚೂ ತಪ್ಪದೆ ಪಾಲಿಸಿದರೂ ಜನಪದಕ್ಕೆ ಅನ್ಯಾಯ ಮಾಡಿದಂತೆಯೇ. ಪೇಟೆಯ ಮಗು ಪುಸ್ತಕದ ಉಚ್ಚಾರಣೆಯಲ್ಲಿ, ಧ್ವನಿಸುರುಳಿಯ ರಾಗದಲ್ಲಿ ಹಾಡಿದ ಜನಪದ ಗೀತೆ ಗೆಲ್ಲುತ್ತದೆ; ಜನಪದ ಮನೆಗೆ ಹೋಗುತ್ತದೆ.

ಭಾವಗೀತೆಯಲ್ಲಿ ತೊಡಕು ಬೇರೆ ಬಗೆಯದು. ಒಂದೇ ಕವಿತೆಗೆ ಇಬ್ಬರು ಮೂವರು ರಾಗ ಹಾಕಿರುತ್ತಾರೆ. ತೀರ್ಪುಗಾರರಿಗೆ ತಮ್ಮ ಯೌವನದಲ್ಲಿ ಕೇಳಿದ ರಾಗವೇ ಅಪ್ಪಟ. ಕುವೆಂಪು ಅವರ ನಾಡಗೀತೆಯ ಸಂಗತಿಯನ್ನೇ ನೋಡಬಹುದು. 2004ರಲ್ಲಿ ಅದು ನಾಡಗೀತೆಯಾಯಿತು. ಮೈಸೂರು ಅನಂತಸ್ವಾಮಿಯವರ ರಾಗವೋ ಸಿ. ಅಶ್ವಥ್ ಅವರ ರಾಗವೋ ಎಂಬ ಚರ್ಚೆ ನಿಲ್ಲಲು, ಅನಂತಸ್ವಾಮಿಯವರ ರಾಗದಲ್ಲಿ ಎರಡೂವರೆ ನಿಮಿಷದೊಳಗೆ ಹಾಡತಕ್ಕದ್ದೆಂದು ಸರ್ಕಾರ 2022ರಲ್ಲಿ ಆಜ್ಞೆ ಹೊರಡಿಸಬೇಕಾಯಿತು. ಒಂದು ನಾಡಿನ ಹಿರಿಯರಿಗೇ ಹದಿನೆಂಟು ವರ್ಷ ಹಿಡಿದ ವಿಷಯದಲ್ಲಿ, ಏಳನೆಯ ತರಗತಿಯ ಮಗು ‘ತಪ್ಪು ರಾಗ’ ಹಾಡಿತೆಂದು ಅಂಕ ಕಳೆದುಕೊಳ್ಳುವುದು ಯಾವ ನ್ಯಾಯ? ಯಾವ ರಾಗವಾದರೂ ಸಲ್ಲುವುದೆ, ಇಲ್ಲವೆ ಎಂಬುದನ್ನು ಪಟ್ಟಿ ಮೊದಲೇ ಹೇಳಬೇಕು. ಆ ಪಟ್ಟಿ ಸ್ಪರ್ಧೆಗೆ ವಾರ ಮೊದಲೇ ಶಾಲೆಗಳ ಕೈಸೇರಬೇಕು. ಮಗುವಿಗೆ ತಿಳಿಸದ ನಿಯಮದಿಂದ ಮಗುವನ್ನು ಅಳೆಯಬಾರದು.

ಆದ್ದರಿಂದ ಮೇಷ್ಟ್ರು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಖರ್ಚಿನದಂತೂ ಅಲ್ಲವೇ ಅಲ್ಲ. ಮೊದಲನೆಯದು, ಭಾವಗೀತೆಗೆ ಒಂದು ಪಟ್ಟಿ, ಜನಪದ ಗೀತೆಗೆ ಇನ್ನೊಂದು. ಎರಡನೆಯದು, ಸ್ಪರ್ಧೆ ಶುರುವಾಗುವ ಮುನ್ನ ಮೂವರೂ ಕೂಡಿ, ಸ್ಪರ್ಧೆಗೆ ನಿಲ್ಲದ ಮಗುವೊಂದರ ಹಾಡನ್ನು ಕೇಳುವುದು. ಬೇರೆ ಬೇರೆಯಾಗಿ ಅಂಕ ಬರೆದು ಹಾಳೆಗಳನ್ನು ಒಟ್ಟಿಗೆ ತಿರುವಿ ನೋಡುವುದು. ಒಬ್ಬರಲ್ಲಿ 5, ಇನ್ನೊಬ್ಬರಲ್ಲಿ 9 ಬಂದಲ್ಲಿ “ನಿಮಗೆ ಕೇಳಿಸಿದ್ದೇನು?” ಎಂದು ಪರಸ್ಪರ ಕೇಳಿಕೊಳ್ಳುವುದು. ಅಕ್ಕಸಾಲಿಗ ಚಿನ್ನವನ್ನು ಒರೆಗಲ್ಲಿಗೆ ತಿಕ್ಕುವ ಮೊದಲು ಕಲ್ಲನ್ನೇ ಒರಸಿಕೊಳ್ಳುತ್ತಾನೆ, ಇದೂ ಹಾಗೆಯೇ. ಲಕ್ಷಣಗಳನ್ನು ಬರೆದ ಹಾಳೆ ಅರ್ಧ ಕೆಲಸ ಮಾಡಿದರೆ ಈ ಕಾಲುಗಂಟೆಯ ಮಾತು ಉಳಿದರ್ಧವನ್ನು ಮಾಡುತ್ತದೆ. ಮೂರನೆಯದು, ಸರದಿಯನ್ನು ಚೀಟಿ ಎತ್ತಿ ಗೊತ್ತುಮಾಡುವುದು. ಪ್ರತಿ ಹಾಡು ಮುಗಿದೊಡನೆ ಪಕ್ಕದವರ ಮುಖ ನೋಡದೆ ಅಂಕ ಬರೆದು ಹಾಳೆ ಮಡಿಸಿಡುವುದು. ದೊಡ್ಡ ವಿದ್ವಾಂಸರು “ಆಹಾ!” ಎಂದೊಡನೆ ಉಳಿದಿಬ್ಬರ ಪೆನ್ಸಿಲು ಮೇಲೇರುವುದನ್ನು ತಪ್ಪಿಸಲು ಇದೊಂದೇ ದಾರಿ. ನಾಲ್ಕನೆಯದು, ಕೂಡಿದ ಮೇಲೆ ಒಮ್ಮೆ ಹಿಂತಿರುಗಿ ನೋಡುವುದು: ಮೂವರಲ್ಲಿ ಇಬ್ಬರು ಮೊದಲೆಂದ ಮಗು ಮೊತ್ತದಲ್ಲಿ ಹಿಂದೆ ಬಿದ್ದಿದೆಯೆ? ಬಿದ್ದಿದ್ದರೆ ಮೊತ್ತವನ್ನು ಬಿಟ್ಟು, ಪ್ರತಿಯೊಬ್ಬರೂ ಕೊಟ್ಟ ಸ್ಥಾನಗಳನ್ನು ಕೂಡಿ ನೋಡುವುದು. ಆಗ ಆ 113ರ ಹುಡುಗಿಗೆ ಒಂದು, ಒಂದು, ಎರಡು. 125ರವಳಿಗೆ ಎರಡು, ಎರಡು, ಒಂದು. ಕುರ್ಚಿಗಳು ಮತ್ತೆ ಮೂರಾದುವು. ಈ ಕ್ರಮವನ್ನು ಅನುಸರಿಸುವುದಾದರೆ ಅದನ್ನೂ ಮೊದಲೇ ಸಾರಿರಬೇಕು. ಫಲಿತಾಂಶ ಕಂಡ ಮೇಲೆ ಹೂಡಿದ ಉಪಾಯವೆಂಬ ಮಾತಿಗೆ ಎಡೆಯಿರಬಾರದು.

“ಇಷ್ಟೆಲ್ಲ ಲೆಕ್ಕ ಹಾಕಿದರೆ ಹಾಡಿನ ರಸ ಉಳಿಯುತ್ತದೆಯೆ?” ಎಂದು ಎಡಗಡೆಯವರು ಕೇಳದೆ ಇರಲಾರರು. ಪ್ರಶ್ನೆ ಸಲ್ಲುವಂಥದೇ. ಎಲ್ಲ ಮನೆಗಳಲ್ಲಿಯೂ 8 ಪಡೆದು ಮನಸ್ಸನ್ನು ಮುಟ್ಟದ ಹಾಡುಂಟು. ಎರಡು ಕಡೆ ಜಾರಿಯೂ ಕೇಳಿದವರ ಕಣ್ಣಲ್ಲಿ ನೀರು ತರಿಸಿದ ಹಾಡುಂಟು. ಅದಕ್ಕಾಗಿಯೇ ಪಟ್ಟಿಯಲ್ಲಿ ‘ಒಟ್ಟು ಪರಿಣಾಮ’ ಎಂಬ ಒಂದು ಮನೆಯನ್ನು ಬಿಟ್ಟಿರುವುದು. ಅಲ್ಲಿ ತೀರ್ಪುಗಾರನು ಹೃದಯದ ಮಾತನ್ನೇ ಬರೆಯಲಿ. ಆದರೆ ಹತ್ತು ಅಂಕದಷ್ಟೇ ಬರೆಯಲಿ. ಐವತ್ತನ್ನೂ ಹೃದಯಕ್ಕೆ ಒಪ್ಪಿಸಿದರೆ ಅದು ಜರಿಯ ಲಂಗವನ್ನೂ, ಪರಿಚಿತ ರಾಗವನ್ನೂ, ಊಟದ ನಂತರದ ತೂಕಡಿಕೆಯನ್ನೂ ತನ್ನೊಂದಿಗೆ ಕರೆತರುತ್ತದೆ.

ಇಷ್ಟು ಮಾಡಿದರೂ ಸೋಲುವವರು ಸೋತೇ ಸೋಲುತ್ತಾರೆ. ಇಪ್ಪತ್ತು ಮಕ್ಕಳು ಹಾಡಿದರೆ ಹತ್ತೊಂಬತ್ತು ಮಕ್ಕಳು ಸೋಲಬೇಕು. ಯಾವ ಪಟ್ಟಿಯೂ ಈ ಲೆಕ್ಕವನ್ನು ಬದಲಿಸಲಾರದು. ಪಟ್ಟಿಯಿಂದ ನಿಜವಾದ ಪ್ರಯೋಜನವಾಗುವುದು ಗೆದ್ದವಳಿಗಲ್ಲ, ಈ ಹತ್ತೊಂಬತ್ತು ಮಂದಿಗೆ. ಗೆದ್ದವಳಿಗೆ ಕಾರಣ ಬೇಕಿಲ್ಲ, ಸೋತವರಿಗೆ ಬೇಕು. ಅಂಕದ ಹಾಳೆಯ ಕೆಳತುದಿಯಲ್ಲಿ ಎರಡು ಗೆರೆ ಜಾಗ ಬಿಟ್ಟು, ಅದನ್ನು ಕತ್ತರಿಸಿ ಮಗುವಿನ ಕೈಗೆ ಕೊಟ್ಟರೆ ಸಾಕು. ‘ಚೆನ್ನಾಗಿ ಪ್ರಯತ್ನಿಸಿದ್ದೀಯೆ’ ಎಂಬ ಸವಕಲು ಮಾತಲ್ಲ. ‘ಎರಡನೆಯ ನುಡಿಯಲ್ಲಿ ಶ್ರುತಿ ಏರಿತು, ಮೂರನೆಯದರಲ್ಲಿ ನೀನೇ ಇಳಿಸಿಕೊಂಡೆ. ಉಸಿರನ್ನು ಸಾಲಿನ ನಡುವೆ ತೆಗೆದುಕೊಳ್ಳಬೇಡ, ಕೊನೆಯಲ್ಲಿ ತೆಗೆದುಕೋ.’ ಇಷ್ಟೇ. ಇಪ್ಪತ್ತು ಚೀಟಿ ಬರೆಯಲು ತೀರ್ಪುಗಾರರ ಮಧ್ಯಾಹ್ನದ ಕಾಫಿ ಅರ್ಧಗಂಟೆ ತಡವಾದೀತು. ಆದರೆ ಸಂಜೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಆ ಚೀಟಿಯನ್ನು ಓದುವ ಹುಡುಗಿ, ಎರಡನೆಯ ನುಡಿಯನ್ನು ಮೆಲ್ಲನೆ ಗುನುಗಿ ನೋಡಬಹುದು.